ಸಬ್ಬಸಿಗೆಯ ಗಂಟು

ಪದ್ಮವ್ವನಿಗೆ ಹಾವಿಗಿಂತ ಹೆಚ್ಚಿನ ಹೆದರಿಕೆ ಚಾತುರ್ಮಾಸದ್ದು. ಬೆಳಗಾವಿ ಕೋಟೆಯ ಬಾಜುವಿನ ಅವರ ಓಣಿಯ ಜೈನರ ಮನೆಗಳಲ್ಲಿ ಆ ನಾಲ್ಕು ತಿಂಗಳು ಹಸಿ ಸೊಪ್ಪು ಒಲೆ ಹತ್ತುತ್ತಿರಲಿಲ್ಲ. ಮಳೆಗಾಲದ ಎಲೆಯಲ್ಲಿ ಹುಳ ಇರುತ್ತವೆ, ತಿಂದರೆ ಹಿಂಸೆ. ನೇಮದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆದರೆ ಅವಳ ಚೊಚ್ಚಲ ಮಗು ಇಂಥದೇ ಒಂದು ಶ್ರಾವಣದಲ್ಲಿ, ಎದೆಹಾಲು ಸಾಲದೆ, ಕೈಯಲ್ಲೇ ತಣ್ಣಗಾಗಿತ್ತು. ಹಿತ್ತಲಲ್ಲಿ ಸಬ್ಬಸಿಗೆ ಮೊಳಕಾಲುದ್ದ ಬೆಳೆದು ನಿಂತಿತ್ತು. “ಬಾಣಂತಿಗೆ ಹಾಲು ಇಳಸೂ ಸೊಪ್ಪು ಅದು. ಅತ್ತಿ ಕೊಡಲಿಲ್ಲ,” ಎಂದು ಆಮೇಲೆ ಎಲ್ಲರ ಮುಂದೆ ಹೇಳಿಕೊಂಡು ಅತ್ತಳು.

ಅಂದಿನಿಂದ ಪ್ರತಿ ಬೇಸಿಗೆಯಲ್ಲೂ ಮಾಳಿಗೆಯ ಮೇಲೆ ಹಳೇ ಧೋತರ ಹಾಸಿ ಸಬ್ಬಸಿಗೆ ಒಣಗಿಸುವುದೇ ಅವಳ ಕೆಲಸವಾಯಿತು. ಒಣಗಿದ್ದಕ್ಕೆ ದೋಷವಿಲ್ಲವಲ್ಲ. ಓಣಿಯಲ್ಲಿ ಯಾರು ಬಾಣಂತಿಯಾದರೂ ತೊಗರಿಬೇಳೆ ಹಾಕಿದ ಅದರ ಪಲ್ಯ ಪದ್ಮವ್ವನ ಮನೆಯಿಂದಲೇ ಹೋಗಬೇಕು. ಯಾರಿಗೆ ಹೊಟ್ಟೆ ಉಬ್ಬರಿಸಿದರೂ ಅದರ ಬೀಜ ಕುದಿಸಿದ ನೀರು. ಬೇಡವೆಂದವರ ಮನೆಗೂ ಒಯ್ದು ಕೊಟ್ಟು, ಕುಡಿಯುವ ತನಕ ಎದ್ದು ಬರುತ್ತಿರಲಿಲ್ಲ, ಮಹಾತಾಯಿ.

ಸಾವಿರದ ಒಂಬೈನೂರ ಎಪ್ಪತ್ತಾರರ ಆಷಾಢದ ಕೊನೆಗೆ, ಚಾತುರ್ಮಾಸ ಹಿಡಿದ ಮೇಲೆ, ಖಾನಾಪುರದಿಂದ ಸುದ್ದಿ ಬಂತು. ತವರಿಗೆ ಕರೆತರುವ ಮೊದಲೇ ಮಗಳು ರತ್ನಮಾಲಾಗೆ ಗಂಡನ ಮನೆಯಲ್ಲೇ ಹೆರಿಗೆಯಾಗಿತ್ತು. ಕೂಸು ಸಣ್ಣದು, ಹಾಲು ಇಳಿದಿಲ್ಲ. ಮಳೆಗೆ ನೆನೆಯಬಾರದೆಂದು ಒಣಸೊಪ್ಪಿನ ಗಂಟನ್ನು ಪದ್ಮವ್ವ ಆ ವರ್ಷ ಮೊದಲ ಸಲ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟಿದ್ದಳು. ಅದನ್ನೇ ಎದೆಗವಚಿಕೊಂಡು ರೈಲು ಹತ್ತಿದಳು. ನಡುವೆ ದೇಸೂರು ಸ್ಟೇಶನ್ನಿನಲ್ಲಿ ಗಾಡಿ ನಿಂತಷ್ಟು ಹೊತ್ತೂ ಅವಳು ಬಾಗಿಲಲ್ಲೇ ನಿಂತಿದ್ದಳು.

ಖಾನಾಪುರದ ಮನೆಯಲ್ಲಿ ಕೂಸಿನ ಅಳು ಬೆಕ್ಕಿನ ಮರಿಯಷ್ಟೂ ಇರಲಿಲ್ಲ. ಪದ್ಮವ್ವ ಅಡುಗೆಮನೆಗೆ ಹೋಗಿ ಚೀಲ ಬಿಚ್ಚಿದಳು. ಗಂಟಿನ ತುಂಬ ಬಿಳಿ ಬೂಷ್ಟು. ಬಟ್ಟೆಯಲ್ಲಿ ಕಟ್ಟಿದ್ದರೆ ಗಾಳಿಯಾಡುತ್ತಿತ್ತು. ಅತಿ ಜೋಪಾನ ಮಾಡಲು ಹೋಗಿ ತಾನೇ ಹಾಳು ಮಾಡಿದ್ದಳು. ಮೊದಲ ಮಗುವಿನ ತಣ್ಣನೆಯ ಪಾದ ಅಂಗೈಗೆ ತಾಗಿದಂತಾಗಿ ಅವಳು ಗಂಟನ್ನು ಕೈಬಿಟ್ಟಳು.

ಕಿಟಕಿಯಾಚೆ, ಈ ನೇಮವಿಲ್ಲದ ಪಕ್ಕದ ಮನೆಯ ಶಿವಬಸವ್ವನ ಹಿತ್ತಲಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ ಹಸಿ ಸಬ್ಬಸಿಗೆ ಇತ್ತು. ಬೀಗತಿ ಚಂಪಾಬಾಯಿಯ ಮಡಿ, ನೇಮ ಊರಿಗೇ ಹೆಸರಾದದ್ದು. ಅವಳು ಬಸದಿಗೆ ಹೋದದ್ದನ್ನು ನೋಡಿ ಪದ್ಮವ್ವ ಕಳ್ಳಿಯ ಹಾಗೆ ಹೋಗಿ, ಶಿವಬಸವ್ವ ಮುರಿದು ಕೊಟ್ಟ ಸೊಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಹಿತ್ತಲ ಬಾಗಿಲಲ್ಲೇ, ಬಸದಿಯಿಂದ ಆಗಲೇ ಮರಳಿದ್ದ ಚಂಪಾಬಾಯಿ ನಿಂತಿದ್ದಳು.

“ಸೆರಗಿನ್ಯಾಗ ಏನ್ರೀ ಅಕ್ಕಾರ?”

ಪದ್ಮವ್ವ ಸೆರಗನ್ನು ಎದೆಗೆ ಒತ್ತಿಕೊಂಡಳು. ಮಗಳಿಗೆ ಇನ್ನು ಈ ಮನೆಯಲ್ಲಿ ಬಾಳುವೆಯಿಲ್ಲ, ಕೂಸೂ ಉಳಿಯುವುದಿಲ್ಲ ಎಂದುಕೊಂಡಳು. ಸೆರಗು ಜಾರಿ ಸೊಪ್ಪು ನೆಲಕ್ಕೆ ಬಿತ್ತು.

ಚಂಪಾಬಾಯಿ ಬಗ್ಗಿ ಅದನ್ನು ಆರಿಸಿ ಮೊರಕ್ಕೆ ಹಾಕಿಕೊಂಡಳು. ಬೆಳಕಿಗೆ ಕುಳಿತು ಎಳೆಎಳೆಯಾಗಿ ಬಿಡಿಸಿ ನೋಡತೊಡಗಿದಳು. ಒಂದು ಹಸಿರು ಹುಳ ಸಿಕ್ಕಿತು. ಅದನ್ನು ಎಲೆಯ ಸಮೇತ ಹಿತ್ತಲಿಗೆ ಒಯ್ದು ಬಿಟ್ಟು ಬಂದಳು.

“ನೇಮ ನಂದು, ಪಾಪ ಬಂದ್ರ ನನಗ ಬರ್ಲಿ,” ಎಂದಳು. “ಬಾಣಂತಿಗ್ಯಾಕ ಕಟ್ಟಬೇಕ್ರೀ? ಹೊತ್ತು ಮುಳಗೂದ್ರಾಗ ಆಕೀ ಊಟ ಆಗ್ಬೇಕು, ಬ್ಯಾಳಿ ಇಡ್ರಿ. ಕೂಸಿನ್ನ ಎದಿಗೆ ಹಚ್ಚೂದು ಬಿಡಬ್ಯಾಡಂತ ನರ್ಸಬಾಯಿನೂ ಹೇಳ್ಯಾಳ.” ಮೊರವನ್ನು ಪದ್ಮವ್ವನ ಕೈಗೆ ಕೊಟ್ಟು, “ನನ್ನ ಒಂದು ಮಾತು ಕೇಳಬೇಕಿತ್ತಲ್ರೀ, ಕದಿಯೂದು ಯಾಕ ಬೇಕಿತ್ತು?” ಎಂದಳು.

ಸೊಪ್ಪಿನಿಂದಲೋ, ಕೂಸನ್ನು ಬಿಡದೆ ಎದೆಗೆ ಹಚ್ಚಿದ್ದರಿಂದಲೋ, ಆ ವಾರದಲ್ಲೇ ರತ್ನಮಾಲಾಗೆ ಹಾಲು ಇಳಿಯಿತು. ಹಾಲು ಕುಡಿದ ಕೂಸು ತುಟಿ ಒದ್ದೆ ಮಾಡಿಕೊಂಡು ಮಲಗಿದಾಗ ಮನೆಯವರೆಲ್ಲ ನಕ್ಕರು. ಪದ್ಮವ್ವ ಮಾತ್ರ ಗೋಡೆಗೆ ಮುಖ ಮಾಡಿ ಕುಳಿತು ಅಳುತ್ತಿದ್ದಳು. ಅವಳ ಅತ್ತೆ ಸತ್ತು ಎಷ್ಟೋ ವರ್ಷಗಳಾಗಿದ್ದವು. ಹೆದರಿ ಹೆದರಿ, ಆ ಶ್ರಾವಣದಲ್ಲಿ ಅತ್ತೆಯನ್ನು ತಾನು ಸೊಪ್ಪಿಗಾಗಿ ಒಂದು ಮಾತು ಕೇಳಿಯೇ ಇರಲಿಲ್ಲ.