ಅತ್ತೆ ಪಾಸು ಮಾಡಿಸಿದ ಗಣಿತ

ಅವರೆಕಾಯಿಯ ಸೊಗಡು ಚಾಮರಾಜಪೇಟೆಯ ನಮ್ಮ ಮನೆಯೊಳಗೆ ಬಂತೆಂದರೆ ಯಾರೂ ಕೈಕಟ್ಟಿ ಕೂರುವಂತಿಲ್ಲ. ಮೊನ್ನೆ ನಾನೂ ನನ್ನ ಅತ್ತೆಯೂ ಕಾಳು ಬಿಡಿಸುತ್ತಿದ್ದಾಗ ಪಕ್ಕದ ಮನೆಯ ಸಿಂಚನ ಬಂದಳು. ಅವಳ ಮುಂದೆಯೂ ಒಂದಷ್ಟು ಕಾಯಿ ಸುರಿದೆವು. ಅವಳು ಬೇರೆ ಯೂನಿವರ್ಸಿಟಿಯಲ್ಲಿ ಓದಿದ ಗಣಿತದ ಕ್ರೆಡಿಟ್‌ಗಳನ್ನು ಇಲ್ಲಿಯ ಕಾಲೇಜು ಒಪ್ಪಿಕೊಂಡಿತಂತೆ. ಫೋನಿನಲ್ಲೇ ಅದನ್ನು ತೋರಿಸಿ, "ನಿಮ್ಮ ಕಾಲದಲ್ಲೂ ಹಿಂಗೇ ಇತ್ತಾ ಆಂಟಿ?" ಎಂದಳು. ಕೇಳಬಾರದಿತ್ತು, ಪಾಪ. ಈ ಕಥೆ ಹೇಳಲು ಕೂತರೆ ನನಗೆ ಹೊತ್ತುಗೊತ್ತು ಇರುವುದಿಲ್ಲ.

ನಾನು ದಾವಣಗೆರೆಯವಳು. ಬಿ.ಎಸ್ಸಿ. ಎರಡು ವರ್ಷ ಮುಗಿದ ಕೂಡಲೇ ಮದುವೆಯಾಗಿ ಈ ಮನೆಗೆ ಬಂದೆ. ಮೂರನೆಯ ವರ್ಷ ಇಲ್ಲೇ ಓದಿಸುತ್ತೇವೆ ಎಂದು ಮಾತಾಗಿತ್ತು. ಆದರೆ ಕಾಲೇಜಿನ ಆಫೀಸಿನವರು ನನ್ನ ಅಂಕಪಟ್ಟಿ ನೋಡಿ ತಲೆ ಅಲ್ಲಾಡಿಸಿದರು. ಮಿಕ್ಕ ವಿಷಯಗಳು ಸರಿ, ಗಣಿತದ ಪಾಠಗಳು ಮಾತ್ರ ಇಲ್ಲಿಯದಕ್ಕೆ ಹೊಂದುವುದಿಲ್ಲ, ಮೊದಲಿನಿಂದ ಓದಬೇಕು ಎಂದರು. ಮಾವನವರು ಒಳ್ಳೆಯವರೇ, ಆದರೂ "ಮೊದ್ಲಿಂದ ಓದೋದಾದ್ರೆ ಬೇಡಮ್ಮ, ಓದಿದ್ದು ಸಾಕು" ಎಂದುಬಿಟ್ಟರು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಯಾರಿಗೂ ಕೇಳಿಸಲಿಲ್ಲ ಎಂದುಕೊಂಡಿದ್ದೆ.

ಮಾರನೆಯ ದಿನ ಅತ್ತೆ ಮದುವೆಮನೆಗೆ ಉಡುವಂಥ ಸೀರೆ ಉಟ್ಟು ನಿಂತಿದ್ದರು. "ನಡಿ, ಆ ಕಾಲೇಜಲ್ಲಿ ದೊಡ್ಡೋರು ಅಂತ ಯಾರಾದ್ರೂ ಇರ್ತಾರಲ್ಲ." ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲೇ ಫೇಲಾಗಿ ಓದು ನಿಲ್ಲಿಸಿದವರು ಅವರು.

ಗಣಿತ ವಿಭಾಗದ ಮುಖ್ಯಸ್ಥೆ ನಗು ಕಾಣದ ಮುಖದ ಮೇಡಂ. ಏನೇನು ಓದಿದ್ದೀಯ ಎಂದರು. ಗಾಬರಿಯಲ್ಲಿ ಅನಂತ ಶ್ರೇಣಿ, ಅಂದರೆ ಮುಗಿಯದೆ ಕೂಡುತ್ತಲೇ ಹೋಗುವ ಲೆಕ್ಕ, ಅದೊಂದೇ ಬಾಯಿಗೆ ಬಂತು. ಅವರು ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ಕರೆದು ಕೂರಿಸಿ, "ಅದನ್ನ ಇವರಿಗೆ ಹೇಳ್ಕೊಡು. ಇವರಿಗೆ ಅರ್ಥ ಆದ್ರೆ ನಾನು ಶಿಫಾರಸು ಮಾಡ್ತೀನಿ" ಎಂದರು.

ನೀವೇ ಹೇಳಿ, ಏನು ಮಾಡಲಿ? ಆಗ ಈ ಮನೆಯ ಒಂದು ಪದ್ಧತಿ ನೆನಪಾಯಿತು. ಕೊನೆಯ ಒಬ್ಬಟ್ಟನ್ನು ಇಲ್ಲಿ ಯಾರೂ ಪೂರ್ತಿ ತೆಗೆದುಕೊಳ್ಳುವುದಿಲ್ಲ. ಆಸೆಬುರುಕರು ಅಂದಾರು ಎಂಬ ಸಂಕೋಚ. ಒಬ್ಬರು ಅರ್ಧ ಮುರಿದುಕೊಂಡರೆ ಇನ್ನೊಬ್ಬರು ಉಳಿದದ್ದರಲ್ಲಿ ಅರ್ಧ, ಮತ್ತೊಬ್ಬರು ಅದರಲ್ಲಿ ಅರ್ಧ. ಸಂಜೆಯಾದರೂ ಡಬ್ಬಿಯಲ್ಲಿ ಒಂದು ಚೂರು ಇದ್ದೇ ಇರುತ್ತದೆ, ತೊಳೆಯುವ ಹಾಗಿಲ್ಲ.

"ಮನೇಲಿ ಕೊನೇ ಒಬ್ಬಟ್ಟನ್ನ ಅರ್ಧರ್ಧ ಮುರೀತೀವಲ್ಲ, ಹಂಗೇ ಮುರೀತಾ ಹೋದ್ರೆ ಒಬ್ಬಟ್ಟು ಯಾವತ್ತೂ ಖಾಲಿ ಆಗಲ್ಲ ಅತ್ತೆ. ಆದ್ರೆ ಎಷ್ಟು ಜನ ತಿಂದ್ರೂ, ತಿಂದಿದ್ದೆಲ್ಲ ಸೇರಿಸಿದ್ರೆ ಒಂದು ಒಬ್ಬಟ್ಟಿಗಿಂತ ಜಾಸ್ತಿ ಆಗಲ್ಲ" ಎಂದೆ.

ಅತ್ತೆ ಅದನ್ನೇ ಅಕ್ಷರ ಬಿಡದೆ ಮೇಡಂಗೆ ಹೇಳಿ, "ಚೆನ್ನಾಗಿ ಅರ್ಥ ಆಯ್ತು" ಎಂದರು. ಮೇಡಂ ಬೋರ್ಡಿನ ಮೇಲೆ ನನ್ನಿಂದ ಕೆಲವು ಲೆಕ್ಕ ಮಾಡಿಸಿದರು, ಧೈರ್ಯ ಬಂದಿತ್ತು, ಮಾಡಿದೆ. ನಾನು ಓದಿದ್ದ ಗಣಿತಕ್ಕೆ ಮಾನ್ಯತೆ ಸಿಕ್ಕಿತು. ಮುಂದೆ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳೂ ಆದೆ. ಲೆಕ್ಕ ಬಾರದ ನಮ್ಮತ್ತೆಗೇ ಅನಂತ ಶ್ರೇಣಿ ಅರ್ಥ ಮಾಡಿಸಿದವಳು ನಾನು ಎಂದು ಪ್ರತಿ ವರ್ಷ ಮಕ್ಕಳ ಮುಂದೆ ಬೀಗಿದ್ದೇನೆ.

ಮೊನ್ನೆ ಸಿಂಚನಳ ಮುಂದೆಯೂ ಬೀಗಿದೆ. ಅತ್ತೆ ಕನ್ನಡಕದ ಮೇಲಿಂದ ನೋಡಿದರು.

"ನಂಗೇನೂ ಅರ್ಥ ಆಗಿರ್ಲಿಲ್ಲ ಕಣೇ. ಖಾಲೀನೂ ಆಗಲ್ಲ ಅಂತೀಯ, ಜಾಸ್ತೀನೂ ಆಗಲ್ಲ ಅಂತೀಯ. ದೇವರನಾಮದ ಥರ ಹಂಗೇ ಒಪ್ಪಿಸ್ಬಿಟ್ಟೆ."

"ಮತ್ತೆ ಅರ್ಥ ಆಯ್ತು ಅಂದ್ರಲ್ಲ?"

"ಇಲ್ಲ ಅಂದಿದ್ರೆ ನೀನೂ ನನ್ನ ಹಾಗೇ ಮನೇಲಿ ಕೂತ್ಕೋತಿದ್ದೆ."

ಸಿಂಚನ ನಕ್ಕಳು. ನನ್ನ ಕಣ್ಣು ತುಂಬಿತು. ಇಷ್ಟು ವರ್ಷ ನನ್ನ ಜಾಣತನವೆಂದು ಹೇಳಿಕೊಂಡು ಬಂದದ್ದು ಅವರು ಕೊಟ್ಟದ್ದಾಗಿತ್ತು, ಒಂದು ದಿನವೂ ಎತ್ತಿ ಆಡದೆ. ಕೃತಜ್ಞತೆ ಹೇಳಲು ಬಾಯಿ ತೆರೆದೆ. ಅತ್ತೆ ಅದನ್ನು ಕೇಳುವ ಹಾಗೆ ಕಾಣಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ ಕೂತರು.

"ಈಗ ಹೇಳು ನೋಡೋಣ, ನಿಧಾನವಾಗಿ. ಮುಗೀದೇ ಇರೋದು ಒಂದರೊಳಗೆ ಹೆಂಗೆ ಹಿಡಿಸತ್ತೆ?"

ಮೊದಲಿನಿಂದ ಹೇಳತೊಡಗಿದೆ.