ತಪ್ಪು ಗಿಟಾರಿಗೆ ಬಿದ್ದ ತೂತು

ಮರಳುಗಾಡಿನ ಊರು ತಮನ್‌ರಾಸೆತ್‌ನಲ್ಲಿ ಅಖಮುಕ್ ಇಪ್ಪತ್ತು ವರ್ಷದಿಂದ ಗಿಟಾರುಗಳಿಗೆ, ತಂತಿಯ ದನಿಯನ್ನು ಸ್ಪೀಕರಿಗೆ ಸಾಗಿಸುವ ಪಿಕಪ್ ಕೂರಿಸುತ್ತಿದ್ದ. ಆ ಬೆಳಿಗ್ಗೆ ಮೇಜಿನ ಮೇಲೆ ಒಂದೇ ಥರದ ಎರಡು ಗಿಟಾರುಗಳಿದ್ದವು. ಒಂದರ ಬುಡಕ್ಕೆ ವೈರಿನ ತೂತು ಕೊರೆದು ಮುಗಿಸಿದವನು, ಅದರ ತಲೆಗೆ ಕಟ್ಟಿದ್ದ ಕೆಂಪು ಚರ್ಮದ ಗೊಂಡೆಯನ್ನು ಆಗ ನೋಡಿದ. ಅದು ಮದುವೆಗಳಲ್ಲಿ ನುಡಿಸುವ ಫಾದಿಮಾತಾಳದು; ತೂತು ಬೇಕಿದ್ದುದು ಇನ್ನೊಂದಕ್ಕೆ. ಬರೀ ತಂತಿ ಬದಲಿಸಲು ಕೊಟ್ಟಿದ್ದಳು. ಕರೆಂಟು ಸೋಕಿಸುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದಳು.

ಅವಳು ಬಂದಾಗ ಅವನು ಮುಚ್ಚಿಡದೆ ತೂತು ತೋರಿಸಿದ.

"ಅಯ್ಯೋ, ನಿನ್ನ ಕೈಗಿಷ್ಟು ಬೆಂಕಿ ಹಾಕ! ನಾಳೆ ಮದ್ವೇಲಿ ಏನ್ ನುಡಿಸ್ಲಿ ನಾನು?"

"ತಪ್ಪಾಯ್ತಕ್ಕಾ. ಪಿಕಪ್ ಹಾಕ್ತೀನಿ, ಒಂದ್ಸಲ ಕೇಳು. ಬೇಡ ಅಂದ್ರೆ ನನ್ನ ಗಿಟಾರೇ ತಗೊಂಡ್ಹೋಗು."

ತಂತಿಗಳನ್ನು ಹೊತ್ತ ಮೂಳೆಪಟ್ಟಿಯ ಕೆಳಗೆ ಪಿಕಪ್ ಕೂರಿಸಿ ಸ್ಪೀಕರಿಗೆ ಜೋಡಿಸಿದ. ಸಣ್ಣ ತಂತಿಯ ದನಿ ಸೊರಗಿತ್ತು. ಪಟ್ಟಿಯ ತಳ ಉಜ್ಜಿ ಸಮ ಮಾಡಿದ ಮೇಲೆ ಆರೂ ತಂತಿಗಳು ಸಮನಾಗಿ ನುಡಿದವು. ಫಾದಿಮಾತಾ ಸಿಟ್ಟಿನಲ್ಲೇ ಮೀಟಿದಳು.

ಬೀದಿಯಾಚೆ ಚಹಾ ಕುಡಿಯುತ್ತಿದ್ದ ಅವಳ ಗಂಡ ಓಡಿಬಂದ. "ಏನೇ ಇದು? ಮಧ್ಯ ಮಧ್ಯ ಇಷ್ಟೊಂದು ನಾಜೂಕಾಗಿ ನುಡಿಸ್ತೀಯಾ? ಮದ್ವೆ ಗದ್ದಲದಲ್ಲಿ ಕೇಳ್ತಾನೇ ಇರ್ಲಿಲ್ಲ, ನಂಗೆ ಇವತ್ತೇ ಕೇಳ್ಸಿದ್ದು!"

ಅವಳು ಬೆಚ್ಚಿಬಿದ್ದಳು. "ಹಂಗಾದ್ರೆ ಹನ್ನೆರಡು ವರ್ಷ ಮದ್ವೆಗಳಲ್ಲಿ ಚಪ್ಪಾಳೆ ತಟ್ಟಿದ್ದು ಏನ್ ಕೇಳಿ?"

ಅವಳು ಗಿಟಾರನ್ನು ಅವುಚಿಕೊಂಡು ಆ ನಾಜೂಕು ಭಾಗವನ್ನೇ ಮತ್ತೊಮ್ಮೆ ಮೀಟಿದಳು. ಆಮೇಲೆ ಸ್ಪೀಕರಿನತ್ತ ಕೈ ತೋರಿಸಿ ಅಖಮುಕ್‌ಗೆ, "ಇನ್ನೂ ಸ್ವಲ್ಪ ಜೋರು ಮಾಡು" ಎಂದಳು.