ಹಿಡಿಯುವುದನ್ನೇ ಬಿಟ್ಟಿದ್ದವರು

ತೊಂಬತ್ತರ ದಶಕದಲ್ಲಿ, ಲಂಡನ್ ಅಂಚಿನ ಫೆಲ್ಥಮ್‌ನ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಆಸ್ಟ್ರೇಲಿಯಾದವರೊಬ್ಬರಿದ್ದರು. ಅವರ ನಾಡಿನ ಫುಟ್‌ಬಾಲ್‌ನಲ್ಲಿ ಎದುರಾಳಿಯ ಬೆನ್ನೇರಿ ಹಾರಿ ಚೆಂಡು ಹಿಡಿಯುತ್ತಾರಂತೆ. ಮಂಡಿಗೆ ಬಿದ್ದ ಪೆಟ್ಟಿನಿಂದ ಇವರ ಆಟ ಇಪ್ಪತ್ತೆರಡನೇ ವಯಸ್ಸಿಗೇ ಮುಗಿದಿತ್ತು. ಹೊರಬಾಗಿಲ ಕೀ ಮರೆತು ಬಂದಾಗ ನಾನು ಕಿಟಕಿಯಿಂದ ನಮ್ಮದನ್ನು ಎಸೆದರೆ ಕೈಚಾಚುತ್ತಿರಲಿಲ್ಲ. "ಬೀಳಲಿ ಬಿಡಿ" ಎಂದು, ಹುಲ್ಲಿಗೆ ಬಿದ್ದ ಮೇಲೆ ನಿಧಾನವಾಗಿ ಬಗ್ಗಿ ಎತ್ತಿಕೊಳ್ಳುತ್ತಿದ್ದರು.

ಒಂದು ಭಾನುವಾರ ಮಗುವನ್ನು ಪ್ರ್ಯಾಮಿನಲ್ಲಿ ಮಲಗಿಸಿ ತಳ್ಳಿಕೊಂಡು ಬಂದ ನನ್ನ ಗಂಡ, "ಕೀ ಮರ್ತ್ಬಿಟ್ಟೆ ಕಣೇ, ಎಸಿ!" ಎಂದರು. ಎಸೆದೆ. ಕೀಗೊಂಚಲು ನೇರ ಪ್ರ್ಯಾಮಿನತ್ತ ಇಳಿಯಿತು.

"ಅಯ್ಯೋ, ಮಗು!" ಎಂದು ಚೀರಿದೆ.

ಅಲ್ಲೇ ಪಕ್ಕದಲ್ಲಿದ್ದ ಕೆಳಗಿನ ಫ್ಲ್ಯಾಟಿನವರು ನನ್ನ ಗಂಡನ ಬೆನ್ನಿಗೆ ಮಂಡಿ ಕೊಟ್ಟು ಹಾರಿದರು. ಮನುಷ್ಯರು ಅಷ್ಟೆತ್ತರ ಹಾರುವುದನ್ನು ನಾನು ಕಂಡಿರಲಿಲ್ಲ. ನೆಲಕ್ಕಿಳಿದಾಗ ಅವರ ಮಂಡಿ ಲಟಕ್ಕೆಂದ ಸದ್ದು ನಮ್ಮ ಮೂರನೇ ಮಹಡಿಗೂ ಕೇಳಿಸಿತು.

ಓಡಿ ಬಂದೆ. ಮಗು ನಿದ್ದೆಯಲ್ಲಿತ್ತು. ಅವರು ಕೀಗೊಂಚಲನ್ನು ಎದೆಗೊತ್ತಿಕೊಂಡು ನೆಲದ ಮೇಲೆ ಬೆವರುತ್ತಿದ್ದರು. ಆಂಬುಲೆನ್ಸಿಗೆ ಏರಿಸುವಾಗಲೂ ಆ ಮುಷ್ಟಿ ಬಿಡಲಿಲ್ಲ.